ಫೋನಿಗೆ ಕುಂಕುಮವಿಟ್ಟ ಎದುರುಮನೆಯವರು

ಮೊನ್ನೆ ಭಾನುವಾರ ನನ್ನ ಫೋನಿನ ಹಿಂದಿನ ಕವರನ್ನು ಚಿಕ್ಕ ಮಗಳು ಉಗುರು ಹಾಕಿ ಬಿಚ್ಚಿದಳು. ಹೊಸದರಲ್ಲಿ ಹಾಕಿದ ಕವರು, ಆಮೇಲೆ ತೆಗೆದೇ ಇರಲಿಲ್ಲ. ಒಳಗೆ ಧೂಳು, ಒಂದು ತಲೆಗೂದಲು, ಕ್ಯಾಮೆರಾದ ಸುತ್ತ ಕೆಂಪಗೆ ಏನೋ ಮೆತ್ತಿಕೊಂಡಿತ್ತು. ಅವಳು ತುಕ್ಕು ಎಂದುಕೊಂಡಳು. ನಾನು ಬೆರಳಲ್ಲಿ ಉಜ್ಜಿ ನೋಡಿದೆ. ತುಕ್ಕಲ್ಲ, ಕುಂಕುಮ. ಅದನ್ನು ಇಟ್ಟ ಕೈ ಯಾರದೆಂದು ನೆನಪಾಗಿದ್ದೇ ತಡ, ಮೈಯೆಲ್ಲ ಉರಿದುಹೋಯಿತು.

ಎದುರುಮನೆಯವರದು. ಅವರಿಗೂ ಒಂದು ಹೆಸರಿತ್ತು, ಗೇಟಿನ ಕಂಬದ ಮೇಲೆ ಹಿತ್ತಾಳೆ ಅಕ್ಷರದಲ್ಲಿ ಹಾಕಿಸಿಕೊಂಡಿದ್ದರು. ಆದರೆ ನಮ್ಮ ಮನೆಯಲ್ಲಿ ಅವರು ಎದುರುಮನೆಯವರು, ಅಷ್ಟೇ. ಹೋದವರ ಬಗ್ಗೆ ಹಗುರವಾಗಿ ಮಾತಾಡಬಾರದು ಎನ್ನುತ್ತಾರೆ. ಎನ್ನಲಿ. ಇದ್ದಾಗ ಆ ಮನುಷ್ಯನ ಎದುರಿಗೆ ನಾನು ಒಂದು ಬಿರುಸು ಮಾತನ್ನೂ ಆಡಲಿಲ್ಲ, ಈಗಲಾದರೂ ಆಡುತ್ತೇನೆ.

ನಮ್ಮ ಮನೆ ಅನ್ನಪೂರ್ಣೇಶ್ವರಿ ನಗರದಲ್ಲಿದೆ. ಈಗ ಬೀದಿಯಾಗಿರುವುದು ಒಂದು ಕಾಲಕ್ಕೆ ನನ್ನ ಮಾವನವರು ರಾಗಿ ಬೆಳೆಯುತ್ತಿದ್ದ ಹೊಲ. ಅವರಿಂದಲೇ ಎದುರಿನ ಸೈಟು ಕೊಂಡು ಮನೆ ಕಟ್ಟಿದವರು ಇವರು. ಯಾವುದೋ ಸರ್ಕಾರಿ ಕಚೇರಿಯಲ್ಲಿ ಟೆಲಿಫೋನ್ ಎತ್ತಿ "ಸಾಹೇಬ್ರು ಮೀಟಿಂಗಲ್ಲಿದಾರೆ" ಎಂದು ಹೇಳಿ ಹೇಳಿ ನಿವೃತ್ತರಾಗಿದ್ದರು. ಅಷ್ಟಕ್ಕೇ ಫೋನು ಎಂಬ ವಸ್ತು ತಮ್ಮ ಪಿತ್ರಾರ್ಜಿತ ಎನ್ನುವ ಹಾಗೆ ಆಡುತ್ತಿದ್ದರು. ಬೀದಿಯಲ್ಲಿ ಯಾರಾದರೂ ಹೊಸ ಮೊಬೈಲ್ ಕೊಂಡರೆ ಸಾಕು, ಕನ್ನಡಕವನ್ನು ಹಣೆಗೇರಿಸಿಕೊಂಡು, ಕೇಬಲ್ಲು ಪಿನ್ನುಗಳನ್ನು ತುಂಬಿದ ಜಿಪ್ ಚೀಲ ಹಿಡಿದು ಹಾಜರಾಗುತ್ತಿದ್ದರು. "ಅಂಗಡಿಯವ್ರ ಕೈಗೆ ಕೊಡ್ಬೇಡಿ ತಾಯಿ, ಡೇಟಾ ಎಲ್ಲಾ ಕದ್ದುಬಿಡ್ತಾರೆ. ನಾನಿಲ್ವಾ?" ಇದ್ದರಲ್ಲ, ಅದೇ ನಮ್ಮ ಕರ್ಮ.

ಹಳೆಯ ಫೋನಿನಿಂದ ಹೊಸದಕ್ಕೆ ಎಲ್ಲವನ್ನೂ ಸಾಗಿಸುವುದೆಂದರೆ ಅವರ ಪಾಲಿಗೆ ಗೃಹಪ್ರವೇಶ. ಮೊದಲು ಕ್ಯಾಲೆಂಡರಿನಲ್ಲಿ ರಾಹುಕಾಲ ನೋಡಬೇಕು. ಆಮೇಲೆ ಒಂದು ತಟ್ಟೆಯಲ್ಲಿ ಎರಡೂ ಫೋನುಗಳನ್ನಿಟ್ಟು ಅರಿಶಿನ ಕುಂಕುಮ ಹಚ್ಚಿ, ಹೂವಿಟ್ಟು, ಎಲೆ ಅಡಿಕೆ ಇಟ್ಟು ಕೈಮುಗಿಯಬೇಕು. ಆಯುಧಪೂಜೆಯಲ್ಲಿ ಸ್ಕೂಟರಿಗೆ ಮಾಡುವುದಿಲ್ಲವೇ, ಹಾಗೆ. ಇದನ್ನಾದರೂ ಸಹಿಸಬಹುದಿತ್ತು. ತೀರಿಹೋದವರ ನಂಬರು ಹೊಸ ಫೋನಿಗೆ ಬರಕೂಡದು ಎಂಬುದು ಅವರ ಇನ್ನೊಂದು ಕಟ್ಟಳೆ. ಮೂಲೆಮನೆಯ ಆಂಟಿ ಸತ್ತುಹೋದ ತಮ್ಮ ಯಜಮಾನರ ನಂಬರನ್ನು ಹಾಗೇ ಇಟ್ಟುಕೊಂಡಿದ್ದರು. ಇವರು ಕೇಳದೆಯೇ ಅಳಿಸಿದರು. ಆಂಟಿ ಕಣ್ಣೊರೆಸಿಕೊಂಡರೆ, "ಜಾಗ ಖಾಲಿ ಆಯ್ತಲ್ಲ, ಖುಷಿಗೆ ಅಳ್ತಿದಾರೆ" ಎಂದು ಬೀದಿಗೆಲ್ಲ ಹೇಳಿಕೊಂಡು ಬಂದರು. ಇಂಥವರಿಗೆ ಏನು ಹೇಳುವುದು...

ನನ್ನ ಸರದಿ ಬಂದದ್ದು ದೊಡ್ಡ ಮಗಳ ಮದುವೆಯಾದ ವರ್ಷ. ನನ್ನ ಹಳೆಯ ಫೋನು ಕುಂಟುತ್ತಿತ್ತು, ಹೊಸದು ತಂದಿದ್ದೆ. ಹಳೆಯದರಲ್ಲಿ ಬೇಕಾದದ್ದು ಒಂದೇ ಒಂದು, ಅದು ಅತ್ತೆಯ ಹಾಡುಗಳು.

ನನ್ನ ಅತ್ತೆ ಸೋಬಾನೆ ಹಾಡುವುದರಲ್ಲಿ ಗಟ್ಟಿಗರು. ನಾಗರಬಾವಿಯ ಸುತ್ತಮುತ್ತ ಹಳೆಯ ಮನೆತನಗಳಲ್ಲಿ ಯಾರದೇ ಮದುವೆಯಿರಲಿ, ಅರಿಶಿನ ಹಚ್ಚುವ ಹೊತ್ತಿಗೆ ಅವರಿಗೆ ಕರೆ ಬರುತ್ತಿತ್ತು. ಆದರೆ ಸುಮ್ಮಸುಮ್ಮನೆ ಹಾಡು ಎಂದರೆ ಜಪ್ಪಯ್ಯ ಅಂದರೂ ಬಾಯಿ ಬಿಡುತ್ತಿರಲಿಲ್ಲ. ಮದುವೆಯಿಲ್ಲದೆ ಮದುವೆಯ ಹಾಡು ಹಾಡಬಾರದು, ಅದು ಅವರು ತಮ್ಮ ತಾಯಿಯಿಂದ ಕಲಿತ ನೇಮ. ದೊಡ್ಡವಳ ಅರಿಶಿನದ ದಿನ ಮಧ್ಯಾಹ್ನವೆಲ್ಲ ಹಾಡಿದರು. ಫೋನು ಕಂಡರೆ ನಾಚಿಕೊಂಡು ನಿಲ್ಲಿಸುತ್ತಾರೆಂದು ನಾನು ಅದನ್ನು ಸೆರಗಿನೊಳಗಿಟ್ಟುಕೊಂಡು ಅಷ್ಟನ್ನೂ ರೆಕಾರ್ಡ್ ಮಾಡಿದ್ದೆ. ಆಗಲೇ ಅವರಿಗೆ ಉಸಿರು ಸಾಲುತ್ತಿರಲಿಲ್ಲ. ಚಿಕ್ಕವಳ ಮದುವೆಯ ಹೊತ್ತಿಗೆ ಅವರು ಇರುತ್ತಾರೋ ಇಲ್ಲವೋ, ಇರದಿದ್ದರೆ ಅವಳ ಅರಿಶಿನಕ್ಕೆ ಈ ಹಾಡಾದರೂ ಇರಲಿ ಎಂಬುದು ನನ್ನ ಆಸೆ.

ಹೊಸ ಫೋನು ಹಿಡಿದು ವಿಜಯನಗರದ ಅಂಗಡಿಗೆ ಹೊರಟಿದ್ದೆ. ಗೇಟಿನಲ್ಲೇ ಹಿಡಿದುಕೊಂಡರು. ನಾನು ಏನೋ ನೆಪ ಹೇಳಲು ನೋಡಿದರೆ ನಮ್ಮ ಯಜಮಾನರು ಒಳಗಿನಿಂದ, "ಬೇಡ ಅಂದ್ರೆ ಬೇಜಾರ್ ಮಾಡ್ಕೋತಾರೆ ಕಣೇ" ಎಂದು ಪಿಸುಗುಟ್ಟಿದರು. ಸರಿ, ಕುಂಕುಮದ ತಟ್ಟೆ ನಮ್ಮ ನಡುಮನೆಗೆ ಬಂತು.

"ಸಾರ್, ಬೇರೆ ಏನ್ ಹೋದ್ರೂ ಚಿಂತೆ ಇಲ್ಲ. ಅತ್ತೆ ಹಾಡು ಮಾತ್ರ ಹೋಗ್ಬಾರ್ದು" ಎಂದು ಬಿಡಿಸಿ ಹೇಳಿದೆ.

"ಅಯ್ಯೋ ತಾಯಿ, ನಾನಿರೋವಾಗ ಹೋಗುತ್ತಾ?"

ಕುಂಕುಮಕ್ಕೆ ನೀರು ಬೆರೆಸಿ ಕೆಸರು ಮಾಡಿಕೊಂಡಿದ್ದರು. ಎರಡೂ ಫೋನಿನ ಮುಖಕ್ಕೆ ಹಚ್ಚಿದ್ದಾಯಿತು, ಬೆನ್ನಿಗೆ ಹಚ್ಚಿದ್ದಾಯಿತು, ಸಾಲದೆಂದು ಚಾರ್ಜರ್ ಸಿಕ್ಕಿಸುವ ತೂತಿಗೂ ಒಂದು ಬೊಟ್ಟು. ಹೊಸಿಲಿಗೆ ಇಟ್ಟಂತೆ, ಡೇಟಾ ಹಾಯುವ ಬಾಗಿಲಂತೆ ಅದು. ಆಮೇಲೆ ಹಳೆಯ ಫೋನಿಗೆ ಕೇಬಲ್ ಹಾಕಲು ಹೋದರೆ ಅದು ಕೂರುವುದಾದರೂ ಹೇಗೆ? ಪಿನ್ನಿನಲ್ಲಿ ಕೆದಕಿದರು, ಊದಿದರು, ತಮ್ಮ ಪಂಚೆಯ ತುದಿಯಲ್ಲಿ ಒರೆಸಿದರು. ಒಳಗಿದ್ದದ್ದು ಇನ್ನೂ ಒಳಕ್ಕೆ ಹೋಯಿತು. ತಪ್ಪಾಯಿತು ಎನ್ನುವ ಜನ್ಮವೇ ಅದಲ್ಲ. "ಕೇಬಲ್ ಎಲ್ಲಾ ಹಳೇ ಕಾಲದ್ದು" ಎಂದು, ನನ್ನ ಫೋನಿನಲ್ಲಿದ್ದದ್ದನ್ನು ಮೊದಲು ತಮ್ಮ ಫೋನಿಗೆ ಕಳಿಸಿಕೊಂಡು ಅಲ್ಲಿಂದ ಹೊಸದಕ್ಕೆ ಕಳಿಸತೊಡಗಿದರು. ಪ್ರತಿ ಫೋಟೋಗೂ ಒಂದು ವಿಮರ್ಶೆ ಬೇರೆ. "ಈ ಸೀರೆ ನಿಮಗೆ ಒಪ್ಪಲ್ಲ ತಾಯಿ." ನಾನು ಕೇಳಿದ್ದೆನೇ?

ಎರಡು ಲೋಟ ಕಾಫಿ ಕುಡಿದು ಮೂರನೆಯದಕ್ಕೆ ಸೂಚನೆ ಕೊಟ್ಟರು. ಹಾಲು ಮುಗಿದಿತ್ತು. ಅತ್ತೆಯನ್ನು ಅವರ ಜೊತೆ ಕೂರಿಸಿ ನಾನು ಮೂಲೆ ಅಂಗಡಿಗೆ ಹೋದೆ. ತಿರುಗಿ ಬಂದಾಗ ಅತ್ತೆ ಬಾಯಿಗೆ ಸೆರಗು ಹಿಡಿದು ನಗು ತಡೆದುಕೊಂಡು ಕೂತಿದ್ದರು. ಆ ಮನುಷ್ಯನ ಅವತಾರಕ್ಕೆ ನಗುತ್ತಿದ್ದಾರೆ ಎಂದುಕೊಂಡೆ. ಅಷ್ಟರಲ್ಲಿ ಅವರು ಹಳೆಯ ಫೋನನ್ನು ಪೂರ್ತಿ ಅಳಿಸಿ ಖಾಲಿ ಮಾಡಿ ಕೂತಿದ್ದರು. ಹಳೆಯದರಲ್ಲಿ ಏನಾದರೂ ಉಳಿದರೆ ಹೊಸದಕ್ಕೆ ಕಳೆ ಬರುವುದಿಲ್ಲವಂತೆ.

ವಾರದ ಮೇಲೆ ನಾದಿನಿ ಬಂದು ಅಮ್ಮನ ಹಾಡು ಕೇಳಿಸಿ ಎಂದಳು. ಹೊಸ ಫೋನಿನ ರೆಕಾರ್ಡರ್ ತೆರೆದರೆ ಒಂದೇ ಒಂದು ಫೈಲು. ಒತ್ತಿದೆ. "ಹಲೋ... ಹಲೋ... ಮೈಕ್ ಟೆಸ್ಟಿಂಗ್" ಎಂದು ಎದುರುಮನೆಯವರ ದನಿ. ಹಾಡು ಇರಬೇಕಾದ ಜಾಗದಲ್ಲಿ ಈ ಮನುಷ್ಯ! ತಟ್ಟನೆ ಮುಚ್ಚಿದೆ. ಮತ್ತೆ ಆ ರೆಕಾರ್ಡರನ್ನು ನಾನು ಮುಟ್ಟಲಿಲ್ಲ.

ಎದುರುಮನೆಗೆ ಹೋಗಿ ಕೇಳಿದೆ. ಅಳಿದುಳಿದದ್ದು ಅವರ ಫೋನಿನಲ್ಲಾದರೂ ಇದೆಯೇ ಎಂಬ ಆಸೆ. ಅಲ್ಲಿಗೆ ಫೋಟೋ ಬಿಟ್ಟು ಬೇರೇನೂ ಹೋಗಿಯೇ ಇರಲಿಲ್ಲ. ಅವರು ಮಾತ್ರ ಕುರ್ಚಿಯಿಂದ ಅಲ್ಲಾಡದೆ, "ಬಂದಿತ್ತಲ್ಲ ತಾಯಿ. ನೀವೇ ಏನೋ ಒತ್ತಿರ್ಬೇಕು" ಎಂದರು. ವಿಜಯನಗರದ ಅಂಗಡಿಯವನು ಹಳೆಯ ಫೋನನ್ನು ತಿರುಗಿಸಿ ಮುರುಗಿಸಿ ನೋಡಿ, "ಪೂರ್ತಿ ಅಳಿಸಿದಾರೆ ಆಂಟಿ, ಏನೂ ಸಿಗಲ್ಲ" ಎಂದು ಕೈಗಿಟ್ಟ. ಆವತ್ತೇ ಎದುರುಮನೆಗೆ ಹೋಗಿ ನಾಲ್ಕು ಮಾತು ಆಡುವವಳಿದ್ದೆ, ಅತ್ತೆ ಬಿಡಲಿಲ್ಲ.

"ಬಿಡವ್ವ, ಎದುರುಬದುರು ಮನೆ. ಬೆಳಗಾದ್ರೆ ಮುಖ ನೋಡ್ಬೇಕು. ಚಿಕ್ಕವಳ ಮದ್ವೆಗೆ ಇನ್ನೊಂದ್ಸಲ ಹಾಡ್ತೀನಿ, ಹಿಡ್ಕೊಳ್ಳುವಂತೆ."

ಅದರ ಮುಂದಿನ ವರ್ಷ ಅತ್ತೆ ಹೋದರು. ಹಾಡೆಲ್ಲ ಅವರ ಜೊತೆಗೇ ಹೋಯಿತು. ಹನ್ನೊಂದನೆಯ ದಿನ ಊಟಕ್ಕೆ ಬಂದ ಎದುರುಮನೆಯವರು ಪಾಯಸ ಕುಡಿಯುತ್ತಾ, "ಅಮ್ಮಾವ್ರ ನಂಬರ್ ಅಳಿಸ್ಬಿಡಿ ತಾಯಿ, ಇಟ್ಕೋಬಾರ್ದು" ಎಂದರು. ನಾನು ಪಾಯಸದ ಪಾತ್ರೆ ಎತ್ತಿಕೊಂಡು ಒಳಗೆ ಹೋದೆ. ಆಮೇಲೆ ಅವರು ಗೇಟಿನಲ್ಲಿ ಸಿಕ್ಕರೆ ನಮಸ್ಕಾರ, ಅಷ್ಟೇ. ಕಳೆದ ವರ್ಷ ಅವರೂ ಹೋದರು. ಹೋಗಿ ಕೈಮುಗಿದು ಬಂದೆ, ಕಣ್ಣಲ್ಲಿ ಹನಿ ನೀರು ಬರಲಿಲ್ಲ. ಸುಳ್ಳೇಕೆ ಹೇಳಲಿ. ಈಗ ಆ ಮನೆಯಲ್ಲಿ ಕಾಲೇಜು ಹುಡುಗರ ಪೀಜಿ ಇದೆ. ಗೇಟಿನ ಹಿತ್ತಾಳೆ ಅಕ್ಷರ ಕಿತ್ತ ಗುರುತು ಮಾತ್ರ ಉಳಿದಿದೆ.

ಚಿಕ್ಕವಳ ಮದುವೆ ಬರುವ ತಿಂಗಳು. ಮದುವೆಯ ಫೋಟೋ ತೆಗೆಯಲಾದರೂ ಒಳ್ಳೆಯ ಫೋನಿರಲಿ ಎಂದು ಅವಳೇ ನನಗೆ ಇನ್ನೊಂದು ಕೊಡಿಸಿದಳು. ಭಾನುವಾರ ಎರಡನ್ನೂ ಅಕ್ಕಪಕ್ಕ ಇಟ್ಟಳು. ತಟ್ಟೆಯಿಲ್ಲ, ರಾಹುಕಾಲವಿಲ್ಲ, ಅವೇ ಒಂದಕ್ಕೊಂದು ಮಾತಾಡಿಕೊಂಡು ಸಾಗಿಸತೊಡಗಿದವು. ಇದಕ್ಕೆ ಆ ಮಹಾಶಯರು ಇಡೀ ಮಧ್ಯಾಹ್ನ ತೆಗೆದುಕೊಂಡಿದ್ದರು.

"ಅಮ್ಮಾ, ರೆಕಾರ್ಡರಲ್ಲಿ ಒಂದು ಫೈಲ್ ಇದೆ, ಉದ್ದ ಇದೆ. ಬೇಕಾ?"

"ಬೇಡ, ಅಳಿಸಾಕು. ಎದುರುಮನೆಯವ್ರ ಕೊರೆತ ಅದು."

ಅವಳು ಅಷ್ಟರಲ್ಲಿ ಒತ್ತಿಯಾಗಿತ್ತು. ಹಲೋ, ಹಲೋ, ಮೈಕ್ ಟೆಸ್ಟಿಂಗ್. ನಾನು ಅಡುಗೆಮನೆಗೆ ಹೊರಟೆ. ಆವತ್ತು ನಾನು ಹಾಲು ತರಲು ಹೋದಾಗ ಆ ಮನುಷ್ಯ ಹಾಡು ಹುಡುಕುತ್ತಾ ರೆಕಾರ್ಡ್ ಗುಂಡಿ ಒತ್ತಿ, ನಿಲ್ಲಿಸುವುದನ್ನೇ ಮರೆತಿದ್ದರು. ಮೆಮೊರಿ ಸಾಲದು, ಈ ಕಂಪನಿ ಸರಿಯಿಲ್ಲ, ತಮ್ಮ ಕಾಲದ ಟೆಲಿಫೋನಿನ ಗಟ್ಟಿತನ ಇದಕ್ಕೆಲ್ಲಿಂದ ಬರಬೇಕು... ಅದೇ ವಟವಟ. ಬಾಗಿಲು ದಾಟುವಷ್ಟರಲ್ಲಿ ಇನ್ನೊಂದು ದನಿ ಕೇಳಿತು. ನಾನು ಅಲ್ಲೇ ನಿಂತೆ.

"ಏನ್ ಸ್ವಾಮಿ, ಅರಿಶಿನ ಇಟ್ರಿ, ಕುಂಕುಮ ಇಟ್ರಿ, ಹೂವೂ ಮುಡಿಸಿದ್ರಿ. ಹಳೇ ಫೋನಿಗೂ ಹೊಸ ಫೋನಿಗೂ ಮದ್ವೆ ಮಾಡ್ತಿದೀರಾ?"

ಅತ್ತೆ.

"ಅಲ್ಲ ಅಮ್ಮಾವ್ರೇ, ಇದು ಡೇಟಾ ಟ್ರಾನ್ಸ್‌ಫರ್" ಎನ್ನುತ್ತಾರೆ ಅವರು, ಗಂಭೀರವಾಗಿ.

"ಏನೋ ಒಂದು. ಎಲೆ ಅಡಿಕೆ ಇಟ್ಮೇಲೆ ಮದ್ವೇನೇ. ಮದ್ವೆ ಅಂದ್ಮೇಲೆ ಹಾಡ್ಬೇಕಲ್ಲ" ಎಂದು ನಗುತ್ತಾರೆ ಅತ್ತೆ. ನಕ್ಕು, ಕೆಮ್ಮಿ, ಗಂಟಲು ಸರಿಮಾಡಿಕೊಂಡು, ಅರಿಶಿನದ ಹಾಡು ಎತ್ತಿಕೊಳ್ಳುತ್ತಾರೆ. ಪೂರ್ತಿ ಒಂದು ಹಾಡು, ನಿಧಾನಕ್ಕೆ, ಅಲ್ಲಲ್ಲಿ ಉಸಿರು ಎಳೆದುಕೊಂಡು. ಮದುಮಗಳ ಹೆಸರು ಬರುವ ಕಡೆ ಏನು ಹಾಕಬೇಕೆಂದು ಒಂದು ಗಳಿಗೆ ತಡೆಯುತ್ತಾರೆ. ಆಮೇಲೆ ಚಿಕ್ಕವಳ ಹೆಸರು ಹಾಕುತ್ತಾರೆ. ಮನೆಯಲ್ಲಿ ಆಗ ಮದುವೆಗೆ ಉಳಿದಿದ್ದವಳು ಅವಳೊಬ್ಬಳೇ.

ಚಿಕ್ಕವಳು ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅತ್ತಳು. ನಾನೂ ಬಾಗಿಲಿಗೆ ಒರಗಿಕೊಂಡು ಅತ್ತುಬಿಟ್ಟೆ.

ಇಷ್ಟು ಹಾಡಿದರೂ ಆ ಮನುಷ್ಯ ಕೇಳಿಸಿಕೊಂಡೇ ಇಲ್ಲ. ಹಾಡಿನುದ್ದಕ್ಕೂ ಮೇಲೆ ಬಿದ್ದು ಮಾತಾಡುತ್ತಾರೆ. "ಹಾಡಿನ ಫೈಲ್ ಎಲ್ಲಿದೆ ಅಂತಾನೇ ಗೊತ್ತಾಗ್ತಿಲ್ವಲ್ಲ" ಎನ್ನುತ್ತಾರೆ ನಡುವೆ. ಹಾಡುವವರು ಎದುರಿಗೇ ಕೂತು ಹಾಡುತ್ತಿದ್ದಾರೆ, ಇವರು ಫೈಲು ಹುಡುಕುತ್ತಿದ್ದಾರೆ. ಇವರಿಗಿಂತ ದೊಡ್ಡ ಅಡ್ಡಕಸಬಿಯನ್ನು ನಾನು ಈ ಜನ್ಮದಲ್ಲಿ ನೋಡಿಲ್ಲ.

"ಅಂಕಲ್ ಮಾತು ತೆಗೆಯೋಕಾಗುತ್ತಾ ನೋಡ್ತೀನಿ ಇರಮ್ಮಾ" ಎಂದು ಚಿಕ್ಕವಳು ಏನೇನೋ ಒತ್ತಿ ನೋಡಿದಳು. ಎರಡು ದನಿಯೂ ಒಂದರೊಳಗೊಂದು ಹೆಣೆದುಕೊಂಡಿವೆ, ಅವರನ್ನು ತೆಗೆದರೆ ಅತ್ತೆಯೂ ಹೋಗುತ್ತಾರೆ. ಹಾಡಿನ ಮೊದಲಿನ ಮಾತನ್ನಾದರೂ ಕತ್ತರಿಸೋಣವೇ ಎಂದಳು. ಅದೂ ಬೇಡ ಎಂದೆ. ಅಲ್ಲಿ ಅತ್ತೆ ನಗುವುದು ಅವರನ್ನು ನೋಡಿ. ಅವರಿಲ್ಲದಿದ್ದರೆ ಆ ನಗುವಿಗೆ ಅರ್ಥವೇನು? ಹಾಗಾಗಿ ಬರುವ ತಿಂಗಳು ನನ್ನ ಮಗಳ ಅರಿಶಿನಕ್ಕೆ ಅತ್ತೆ ಹಾಡುತ್ತಾರೆ, ಕರೆಯದಿದ್ದರೂ ಎದುರುಮನೆಯವರು ಬಂದು ಕೂತು ಮೆಮೊರಿ ಸಾಲದು ಎನ್ನುತ್ತಿರುತ್ತಾರೆ. ಬೀಗರು ಯಾರಿವರು ಎಂದು ಕೇಳಿದರೆ ಏನು ಹೇಳಲಿ ಎಂದು ಈಗಿನಿಂದಲೇ ಯೋಚನೆಯಾಗಿದೆ.

ರಾತ್ರಿಯ ಅಡುಗೆಗೆ ಮುಂಚೆ ಇನ್ನೊಮ್ಮೆ ಕೇಳಿದೆ. ಬೈಯೋಣವೆಂದರೆ ಎದುರುಮನೆಯಲ್ಲಿ ಅವರಿಲ್ಲ. ಬೈದದ್ದಕ್ಕೆ "ಬಿಡವ್ವ" ಎನ್ನಲು ಅತ್ತೆಯಿಲ್ಲ. ಕೊನೆಯಲ್ಲಿ ಗೇಟಿನ ಸದ್ದು, ಚಪ್ಪಲಿಯ ಸದ್ದು, ಹಾಲು ತಂದ ನನ್ನದೇ ದನಿ.

"ಎಲ್ಲಾ ಬಂತಾ ಸಾರ್?"

"ಎಲ್ಲಾ ಬಂತು ತಾಯಿ. ಒಂದೂ ಬಿಟ್ಟಿಲ್ಲ."

"ಬಿಟ್ಟಿದೀರಿ ಸಾರ್" ಎಂದೆ ನಾನು, ಫೋನಿಗೆ, ಗಟ್ಟಿಯಾಗಿ. ಅಷ್ಟರಲ್ಲಿ ಅದು ನಿಂತುಹೋಗಿತ್ತು.