ಅಂಗಿಯ ಕಿಸೆಯ ಗುಳಿಗೆ

ನಮ್ಮೂರು ಗುಂಜಿಯಲ್ಲಿ ನಮ್ಮ ಗದ್ದೆಗೆ ಹೊಂದಿಕೊಂಡೇ ಕಾಕಾನ ಗದ್ದೆ. ಊರಿಗೆಲ್ಲ ಅವರು ಕಾಕಾ. ಭತ್ತದ ನಾಟಿಯ ದಿನ ಬೆಳಿಗ್ಗೆ ಚಹಾ ಕೊಡುವಾಗ ಅಂಗಿಯ ಕಿಸೆಯಿಂದ ನೋವಿನ ಗುಳಿಗೆಯ ಸ್ಟ್ರಿಪ್ ತೆಗೆದು, ಕೆಲಸಕ್ಕೆ ಬಂದ ಹೆಂಗಸರಿಗೆಲ್ಲ ಒಂದೊಂದು ಹಂಚುತ್ತಿದ್ದರು. "ತಗೋರಿ ಯವ್ವಾ, ಸೊಂಟ ಹಗರಾಗ್ತೈತಿ," ಎನ್ನುವರು. ತಾವಂತೂ ವರ್ಷವಿಡೀ ದಿನಕ್ಕೆರಡು ನುಂಗುವರು. ನಾನು ಬೇಡವೆಂದರೆ ಮುಖ ಸಣ್ಣದು ಮಾಡುವರು. ಆಳುಗಳ ಸೊಂಟನೋವು ವಿಚಾರಿಸುವ ಇನ್ನೊಬ್ಬ ರೈತನನ್ನು ನಾನು ಕಂಡಿಲ್ಲ.

ಅವರ ಕಿಡ್ನಿ ಕೆಟ್ಟ ಮೇಲೆ ವಾರಕ್ಕೆ ಎರಡು ಸಲ ಡಯಾಲಿಸಿಸ್‌ಗೆಂದು ಬೆಳಗಾವಿಗೆ ನಾನೇ ಕರೆದುಕೊಂಡು ಹೋಗುತ್ತಿದ್ದೆ. ಇಷ್ಟು ವರ್ಷ ನುಂಗಿದ ಆ ಗುಳಿಗೆಯೂ ಕಾರಣವಿರಬಹುದು ಎಂದು ಡಾಕ್ಟರು ಹೇಳಿದ ದಿನ, ಬಸ್ಸು ಖಾನಾಪುರ ಮುಟ್ಟುವವರೆಗೂ ಅವರು ಬೆರಳು ಮಡಚುತ್ತ ಕುಳಿತಿದ್ದರು. ಏನು ಎಣಿಸುತ್ತಿದ್ದೀರಿ ಎಂದು ಕೇಳಿದೆ.

"ಯಾರ್ಯಾರಿಗೆ ಕೊಟ್ಟೇನಿ ಅಂತ ನೋಡಾಕತ್ತೇನಿ," ಎಂದರು. ಎರಡೂ ಕೈಯ ಬೆರಳು ಸಾಲಲಿಲ್ಲ.

ಕಳೆದ ಮಳೆಗಾಲದಲ್ಲಿ ಡಯಾಲಿಸಿಸ್ ಕೋಣೆಯ ಪಕ್ಕದ ಹಾಸಿಗೆಗೆ ಹೊಸಬಳೊಬ್ಬಳು ಬಂದಳು. ಪ್ರತಿವರ್ಷ ಕಾಕಾನ ಗದ್ದೆಗೆ ನಾಟಿಗೆ ಬರುತ್ತಿದ್ದ ಹೆಣ್ಣುಮಗಳು. ಮುಖ ಬಾತಿತ್ತು. ಕಾಕಾನನ್ನು ಗುರುತಿಸಿ ನಕ್ಕಳು.

"ನಿಮ್ಮ ಪುಣ್ಯಾರೀ ಕಾಕಾ. ನೀವು ಕೊಡ್ತಿದ್ದ ಗುಳಿಗೀನ ನಾನೂ ದಿನಾ ತಗೊಂಡೇ ಇಷ್ಟ್ ವರ್ಷ ದುಡದೇನ್ರಿ."

ಕಾಕಾ ಸೂಜಿ ಚುಚ್ಚಿರದ ಕೈಯನ್ನು ಎತ್ತಿ ಅಂಗಿಯ ಕಿಸೆಯನ್ನು ಒತ್ತಿ ಮುಚ್ಚಿಕೊಂಡರು. ಆ ಕಿಸೆ ಖಾಲಿಯಾಗಿ ಎಷ್ಟೋ ತಿಂಗಳಾಗಿತ್ತು. ಮೆಷಿನ್ ನಿಲ್ಲುವವರೆಗೂ ಕೈ ತೆಗೆಯಲಿಲ್ಲ.