ಮೂರನೆಯ ಸೀಸೆಯ ಎಣ್ಣೆ

ಇಂಥ ಸಂಗತಿಗಳನ್ನು ಯಾರಾದರೂ ಹೇಳಿದರೆ ನಾನು ನಗುತ್ತಿದ್ದೆ. ಹೊಟ್ಟೆ ಕೆಟ್ಟಿರಬೇಕು, ನಿದ್ದೆ ಸಾಲದಿರಬೇಕು ಎನ್ನುತ್ತಿದ್ದೆ. ಈಗ ನಗುವುದಿಲ್ಲ, ಹಾಗಂತ ನಂಬುತ್ತೇನೆ ಎಂದೂ ಹೇಳಲಾರೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ನೀವೇ ನೋಡಿ.

ಯುದ್ಧದ ಕಾಲ. ಹುಬ್ಬಳ್ಳಿಯ ಹೊರಗೆ ಎರೆಹೊಲ ಸಮ ಮಾಡಿ ವಿಮಾನ ಇಳಿಯಲು ಬಯಲು ಮಾಡಿದ್ದರು. ಅಲ್ಲಿಯ ದುರಸ್ತಿ ಶೆಡ್ಡಿನಲ್ಲಿ ಎಣ್ಣೆ ಪರೀಕ್ಷಿಸುವುದು ನನ್ನ ಕೆಲಸ. ವಿಮಾನದ ಗಾಲಿಗಳನ್ನು ಎತ್ತಿ ಇಳಿಸುವುದು ಪಂಪು ಒತ್ತುವ ಎಣ್ಣೆ. ಅದರಲ್ಲಿ ಲೋಹದ ಕಣ ಕಂಡಿತೆಂದರೆ ಒಳಗೆ ಏನೋ ಸವೆಯುತ್ತಿದೆ ಎಂದರ್ಥ. ಪ್ರತಿ ವಿಮಾನದಿಂದ ಒಂದು ಸೀಸೆ ಎಣ್ಣೆ ತೆಗೆದು, ಮುಚ್ಚಳಕ್ಕೆ ಅರಗು ಹಾಕಿ ನನ್ನ ಕೊಠಡಿಗೆ ಕಳಿಸುತ್ತಿದ್ದರು. ನಾನು ಅರಗು ಒಡೆದು, ಬಿಳಿ ಬಟ್ಟೆಯಲ್ಲಿ ಸೋಸಿ, ಭೂತಗನ್ನಡಿ ಹಿಡಿದು ಕಣಗಳನ್ನು ಎಣಿಸಿ ದಫ್ತರದಲ್ಲಿ ಬರೆಯಬೇಕು. ಎರೆಮಣ್ಣಿನ ಕಣ ಕಪ್ಪಗೆ, ಹಿತ್ತಾಳೆಯದು ಹೊಳೆಯುವ ಹಳದಿ.

ಅವತ್ತು ಬೇಸಿಗೆಯ ಮಧ್ಯಾಹ್ನ. ರೊಟ್ಟಿ, ಮೊಸರು ಉಂಡು ಬಂದು ಕುಳಿತಿದ್ದೆ. ಬಿಸಿಲಿಗೆ ಮಾಡಿನ ತಗಡು ಸಣ್ಣಗೆ ಟಿಕ್ ಟಿಕ್ ಎನ್ನುತ್ತಿತ್ತು. ಮೂರನೆಯ ಸೀಸೆಯ ಬಟ್ಟೆಯ ಮೇಲೆ ಕನ್ನಡಿ ಹಿಡಿದೆ. ಹಳದಿ ಕಣಗಳು! ಸೋಸಿದ ಬಟ್ಟೆಯ ಮೇಲೆ ಕಣಗಳು ಅಲುಗಬಾರದು. ಇವು ಕೆರೆಯ ನೀರಿನಲ್ಲಿ ತೇಲುವ ಹಾಗೆ, ಒಂದರ ಹಿಂದೊಂದು ಮೆಲ್ಲಗೆ ಸಾಗುತ್ತಿದ್ದವು. ನನಗೆ ಆಶ್ಚರ್ಯವೂ ಆಗಲಿಲ್ಲ. ಎಷ್ಟು ಹೊತ್ತು ನೋಡಿದೆನೋ. ಇಪ್ಪತ್ಮೂರು ಎಣಿಸಿದೆ, ಬರೆದೆ. ಆಮೇಲೆ ನೆನಪಾಯಿತು. ಆ ವಿಮಾನ ಇನ್ನೇನು ಪರೀಕ್ಷೆಗೆ ಹಾರಲಿತ್ತು. ಪೈಲಟನ ಜೊತೆ ನಮ್ಮ ಗಂಗಪ್ಪ ಮಿಸ್ತ್ರಿ ಹೋಗುವವನಿದ್ದ.

ಓಡಿದೆ. ಗಂಗಪ್ಪ ಏಣಿಯ ಮೇಲೆ ಒಂದು ಕಾಲು ಇಟ್ಟಿದ್ದ.

“ಇಳಿಯೋ ಗಂಗಪ್ಪಾ! ಎಣ್ಣ್ಯಾಗ ಹಿತ್ತಾಳಿ ಐತಿ, ಪಂಪ್ ಬಿಚ್ಚು.”

“ಏನ್ರಿ ರಾಯರ, ಮೊಸರು ಭಾಳ ಉಂಡೀರೇನು? ಕುಂತಲ್ಲೇ ಕನಸು ಬೀಳಾಕತ್ತಾವು ನಿಮಗ!”

ಶೆಡ್ಡಿನ ಮೇಲಧಿಕಾರಿ ಸಾಹೇಬ ಗೊಣಗಿದ, ಆದರೂ ಬಿಚ್ಚಿಸಿದ. ಪಂಪಿನೊಳಗಿನ ಹಿತ್ತಾಳೆಯ ಬುಷ್ ಎಂಬ ಬಳೆ ಸವೆದು ಕಾಗದದಷ್ಟು ತೆಳ್ಳಗಾಗಿ ಸೀಳಿಹೋಗಿತ್ತು. ಮೇಲೆ ಹೋಗಿದ್ದರೆ ಗಾಲಿಗಳು ಮತ್ತೆ ಇಳಿಯುತ್ತಿರಲಿಲ್ಲ. ಗಂಗಪ್ಪ ಅದನ್ನು ಅಂಗೈಯಲ್ಲಿ ಹಿಡಿದುಕೊಂಡು ನೆಲದ ಮೇಲೆಯೇ ಕುಳಿತುಬಿಟ್ಟ.

ಕೊಠಡಿಗೆ ಮರಳಿದೆ. ಮೂರನೆಯ ಸೀಸೆ ಮೇಜಿನ ಮೇಲಿತ್ತು. ಅರಗು ಒಡೆದಿರಲಿಲ್ಲ. ಎಣ್ಣೆ ಕತ್ತಿನವರೆಗೂ ಹಾಗೇ ಇತ್ತು. ಕನ್ನಡಿಯ ಕೆಳಗಿದ್ದ ಬಟ್ಟೆ ಹೊಸದು, ಎಣ್ಣೆ ಸೋಕದ್ದು. ದಫ್ತರದಲ್ಲಿ ಮಾತ್ರ ನನ್ನದೇ ಅಕ್ಷರ: ಇಪ್ಪತ್ಮೂರು. ಅರಗು ಒಡೆದು ಸೋಸಿದೆ. ಒಂದು ಕಣವೂ ಇರಲಿಲ್ಲ.

ಆ ಎಣ್ಣೆ ತೆಗೆದವನು ಗಂಗಪ್ಪನೇ; ಹೇಗೆ ತೆಗೆದೆ ಎಂದು ಸಂಜೆ ಅವನನ್ನು ಕೇಳಿದೆ. ಪಂಪನ್ನು ಹತ್ತು ನಿಮಿಷ ಓಡಿಸಿ, ತಳದ ಕಸ ಕದಡಿದ ಮೇಲೆಯೇ ಎಣ್ಣೆ ತೆಗೆಯುವುದು ನಿಯಮ. ಅವನು ತಲೆ ತಗ್ಗಿಸಿದ.

“ಗಡಬಡ್ಯಾಗ ಪಂಪ್ ಓಡಿಸದನ ತಗದಿದ್ದೆರಿ. ತಿಳಿ ಎಣ್ಣಿನ ಬಂದಿತ್ತು. ಖರೇ ಹೇಳ್ರಿ, ಅದರಾಗ ನಿಮಗ ಹೆಂಗ ಕಂಡ್ವು?”

“ಕಂಡ್ವು,” ಅಂದೆ, ಅಷ್ಟೆ.

ನಾನು ಸರಿಯಾಗಿ ಅರಗು ಒಡೆದು ಸೋಸಿದ್ದರೆ, ಹಾರಲು ಅಡ್ಡಿಯಿಲ್ಲ ಎಂದೇ ಬರೆಯುತ್ತಿದ್ದೆ. ಅದನ್ನು ಅವನಿಗೆ ಹೇಳಲಿಲ್ಲ.

ಮರುದಿನ ಅವನ ಹೆಂಡತಿ ಕೂಸನ್ನು ಕಂಕುಳಲ್ಲಿ ಎತ್ತಿಕೊಂಡು ನಮ್ಮ ಮನೆಗೆ ಬಂದಳು. “ನಿಮ್ಮ ಕಣ್ಣು ತಣ್ಣಗಿರ್ಲಿರಿ ಅಣ್ಣಾರ,” ಎಂದು ಕಾಲಿಗೆ ಬಿದ್ದಳು. ಆ ಹಾರೈಕೆ ನನ್ನ ಕಣ್ಣಿಗೆ ಸಲ್ಲಬೇಕಾದದ್ದೋ, ಬೇರೆ ಯಾರಿಗಾದರೂ ಸಲ್ಲಬೇಕಾದದ್ದೋ, ನಾನು ಇಂದಿಗೂ ಅರಿಯೆ.