ಗಾಳಿ ತಿರುಗಿದ ಸೋಮವಾರ

ಕೊಚ್ಚಿಯಲ್ಲಿ ಚಳಿ ಎಂಬುದೇ ಇಲ್ಲ ಎಂದು ಮೈಸೂರು ಸೀಮೆಯಿಂದ ಬಂದ ನಾನು ತಿಳಿದಿದ್ದೆ. ಕಾರ್ತಿಕ ಬಂದರೂ ಬೆವರು ಬಿಡುತ್ತಿರಲಿಲ್ಲ. ಮಧ್ಯಾಹ್ನ ಗುಡುಗು, ಸಂಜೆ ಮಳೆ, ಒಗೆದ ಬಟ್ಟೆ ಎರಡು ದಿನವಾದರೂ ಹಸಿ ಹಸಿ. ಆಮೇಲೆ ಒಂದು ದಿನ ಇದ್ದಕ್ಕಿದ್ದಂತೆ ಪೂರ್ವದಿಂದ ಒಣಗಾಳಿ ಬೀಸತೊಡಗುತ್ತಿತ್ತು. ವೃಶ್ಚಿಕ ಮಾಸದ ಗಾಳಿ ಅನ್ನುತ್ತಾರೆ ಅಲ್ಲಿಯವರು. ಬೆಳಗಿನ ಜಾವ ತಣ್ಣಗೆ, ಹಗಲೆಲ್ಲ ಧೂಳು. ದೊಡ್ಡವರಿಗೆ ಅದೊಂದು ಚಳಿಯೇ ಅಲ್ಲ. ಆದರೆ ನಮ್ಮ ಮಗಳಿಗೆ ಉಬ್ಬಸವಿತ್ತು. ಆರು ವರ್ಷದ ಮಗು, ಒಬ್ಬಳೇ ಮಗಳು. ಹಿಂದಿನ ಎರಡು ವರ್ಷವೂ ಆ ಗಾಳಿ ಎದ್ದ ದಿನವೇ ಅವಳಿಗೆ ಉಸಿರು ಕಟ್ಟಿ, ದೇವರು ದೊಡ್ಡವನು, ಉಳಿದುಕೊಂಡಿದ್ದಳು.

ಇವರಿಗೆ ವಿಲ್ಲಿಂಗ್ಡನ್ ಐಲ್ಯಾಂಡಿನ ಹವಾಮಾನದ ಕಚೇರಿಯಲ್ಲಿ ಕೆಲಸ. ದಿನಾ ಬೋಟಿನಲ್ಲಿ ಹೋಗಿ ಬರುವರು. ಗಾಳಿಯ ದಿಕ್ಕು ಬರೆದು, ಬೇರೆ ಊರುಗಳಿಂದ ಬಂದ ತಂತಿಗಳನ್ನು ಕೂಡಿಸಿ, ಮುಂದಿನ ಎರಡು ದಿನ ಈ ಸೀಮೆಯ ಹವೆ ಹೇಗಿರುತ್ತದೆ ಎಂದು ಒಂದು ಹಾಳೆ ಸಿದ್ಧಮಾಡುವರು. ಹೆಚ್ಚಿನ ದಿನ ಅದರಲ್ಲಿ ಇರುತ್ತಿದ್ದದ್ದು, ಹೇಳಿಕೊಳ್ಳುವಂಥ ಬದಲಾವಣೆ ಇಲ್ಲ ಎಂದು. ಸಾರು ಹೇಗಿದೆ ಎಂದು ಕೇಳಿದರೂ ಇವರು ಅದನ್ನೇ ಹೇಳಿ ನಗುವರು. ಕೇರಿಯ ಹೆಂಗಸರು ಹಪ್ಪಳ ಒಣಹಾಕುವ ಮುಂಚೆ ನನ್ನನ್ನು ಕೇಳಿಹೋಗುತ್ತಿದ್ದರು. ಅದರಲ್ಲಿ ನನಗೊಂದು ಜಂಬವೂ ಇತ್ತು.

ಮಗಳಿಗಾಗಿ ಇವರು ತಿರುವನಂತಪುರಕ್ಕೆ ವರ್ಗ ಕೇಳಿದ್ದರು. ಅಲ್ಲಿಗೆ ಆ ಗಾಳಿ ಅಷ್ಟಾಗಿ ತಾಗುವುದಿಲ್ಲ. ಹುಕುಂ ಬಂದಿರಲಿಲ್ಲ. ಅದು ಬೇಗ ಬರಲೆಂದು ನಾನು ಕಾರ್ತಿಕ ಸೋಮವಾರಗಳ ವ್ರತ ಹಿಡಿದೆ. ನಸುಕಿನಲ್ಲಿ ಬಾವಿಯ ತಣ್ಣೀರು ಸ್ನಾನ, ಒಪ್ಪತ್ತು ಊಟ. ಕೊನೆಯ ಸೋಮವಾರದ ವ್ರತ ತನಗೂ ಬೇಕು ಎಂದು ಮಗಳು ಹಟ ಹಿಡಿದಳು. "ಎನಿಕ್ಕುಂ ವೇಣಂ" ಎಂದು ಮಲಯಾಳದಲ್ಲೇ. ನಾವು ಕನ್ನಡದಲ್ಲಿ ಕೇಳಿದರೆ ಅವಳು ಉತ್ತರ ಕೊಡುತ್ತಿದ್ದದ್ದು ಹಾಗೆಯೇ. ತನ್ನ ವ್ರತದ ಸುದ್ದಿಯನ್ನು ಪಕ್ಕದ ಮನೆಗೂ ಹೋಗಿ ಹೇಳಿಬಂದಳು.

ಭಾನುವಾರ ಮಧ್ಯಾಹ್ನ ಪಕ್ಕದ ಮನೆಯ ಚೇಚಿ ಬೇಲಿಯ ಹತ್ತಿರ ಬಂದರು. ನನಗಿಂತ ಹಿರಿಯರು, ಅದಕ್ಕೇ ಅಕ್ಕ ಎನ್ನುವ ಹಾಗೆ ಚೇಚಿ ಎನ್ನುತ್ತಿದ್ದೆ. ಈ ಹೊತ್ತಿನಲ್ಲಿ ಕಡಲಿನ ಗಾಳಿ ಬರಬೇಕಿತ್ತು, ಅದರ ಬದಲು ಪೂರ್ವಕ್ಕಿರುವ ಮಟ್ಟಾಂಚೇರಿಯ ಮಂಡಿಗಳಿಂದ ಒಣಶುಂಠಿಯ ವಾಸನೆ ಬರುತ್ತಿದೆ, ಗಾಳಿ ತಿರುಗಿತು, ನಾಳೆ ಮಗುವಿಗೆ ತಣ್ಣೀರು ಮುಟ್ಟಿಸಬೇಡ ಎಂದರು. ನಾನು ನಕ್ಕೆ. ನನಗೆ ಬಂದಷ್ಟು ಮಲಯಾಳದಲ್ಲಿ ಹೇಳಿದೆ: "ಗಾಳಿ ಅಳೆಯೋರು ನಮ್ಮನೇಲೇ ಇದಾರೆ ಚೇಚಿ. ನಿಮ್ಮ ಮೂಗಿನ ಮಾತು ಕೇಳಿ ವ್ರತ ಬಿಡಲಾ?"

"ನಿನ್ನ ಗಂಡನ ಹಾಳೆ ಬೋಟು ಕಾದು ಬರಬೇಕು. ಗಾಳಿಗೆ ಬೋಟು ಬೇಡ," ಎಂದು ಅವರೂ ನಕ್ಕು ಹೋದರು.

ಸಂಜೆ ಡ್ಯೂಟಿ ಮುಗಿಸಿ ಬಂದ ಇವರನ್ನು ಗಾಳಿ ಯಾವಾಗ ಎಂದು ಕೇಳಿದೆ. ಚೇಚಿ ಹೇಳಿದ್ದನ್ನು ಹೇಳಲಿಲ್ಲ. "ಬುಧವಾರದವರೆಗೆ ಏನೂ ಇಲ್ಲ ಕಣೆ," ಎಂದರು.

ಸೋಮವಾರ ನಸುಕಿನಲ್ಲಿ ಮಗಳ ತಲೆಯ ಮೇಲೆ ಎರಡು ತಂಬಿಗೆ ನೀರು ಹೊಯ್ದೆ. ಮೂರನೆಯದನ್ನು ಅವಳೇ ಕೇಳಿದಳು, ಹೊಯ್ದೆ. ಹತ್ತು ಗಂಟೆಯ ಹೊತ್ತಿಗೆ ತೆಂಗಿನ ಗರಿಗಳೆಲ್ಲ ಕಡಲ ಕಡೆಗೆ ಬಾಗಿದ್ದವು. ಮಧ್ಯಾಹ್ನಕ್ಕೆ ಅವಳ ಎದೆಯಲ್ಲಿ ಸಿಳ್ಳು ಶುರುವಾಯಿತು. ಚೇಚಿಯೇ ಅವಳನ್ನು ಎತ್ತಿಕೊಂಡು ಆಸ್ಪತ್ರೆಗೆ ನಡೆದರು. ಮೊದಲೇ ಹೇಳಿದ್ದೆನಲ್ಲ ಎಂಬ ಒಂದು ಮಾತು ಅವರ ಬಾಯಿಂದ ಬರಲಿಲ್ಲ, ಅಂದೂ ಇಲ್ಲ, ಆಮೇಲೂ ಇಲ್ಲ. ಬುಧವಾರ ಹಗಲು ಹನ್ನೊಂದಕ್ಕೆ ಮಗು ಹೋಯಿತು. ಅಪ್ಪನ ತೊಡೆಯ ಮೇಲಿದ್ದಳು. ಕೊನೆಗೆ ಒದ್ದಾಡಲಿಲ್ಲ. ಇದನ್ನೂ ನಾನು ಕೃಪೆಯೆಂದೇ ಎಣಿಸುತ್ತೇನೆ. ಎಣಿಸದಿದ್ದರೆ ದೇವರ ಮುಂದೆ ಕೂರುವುದು ಹೇಗೆ? ನೀರಿನಿಂದಲೇ ಆಯಿತೆನ್ನಲಾಗದು, ಗಾಳಿಯೇ ಸಾಕಿತ್ತು ಎಂದರು ಡಾಕ್ಟರು. ಒಳ್ಳೆಯ ಮನುಷ್ಯ.

ವರ್ಗದ ಹುಕುಂ ಹದಿನೈದು ದಿನಕ್ಕೆ ಬಂತು. ಬೇಡವೆನ್ನಲು ಕಾರಣವಿರಲಿಲ್ಲ, ಹೋದೆವು. ತಿರುವನಂತಪುರದ ಶ್ರೀಕಾರ್ಯಂ ಕಡೆ ಮನೆ. ಮುಂದಿನ ಕಾರ್ತಿಕದಲ್ಲಿ ಅಲ್ಲಿ ಹವೆ ಎಷ್ಟು ಹಿತವಾಗಿತ್ತೆಂದರೆ ನನಗೆ ಸಹಿಸಲಾಗಲಿಲ್ಲ. ಬೆಳಿಗ್ಗೆ ಬೆಚ್ಚಗೆ, ಧೂಳಿಲ್ಲ, ಎಲೆ ಅಲುಗದು. ನಾನು ಬೇಡಿಕೊಂಡದ್ದೆಲ್ಲ ಅಲ್ಲಿತ್ತು.

ಆ ಒಂದು ವರ್ಷ ಇವರು ತಮ್ಮ ಹಾಳೆಯನ್ನೇ ಹಳಿದುಕೊಂಡಿದ್ದರು. ಎರಡು ದಿನ ತಪ್ಪಿತು, ಎರಡೇ ದಿನ ಅನ್ನುವರು. ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಮತ್ತೆ ಅದನ್ನೇ ಅಂದರು. ನನಗೆ ತಡೆಯಲಾಗಲಿಲ್ಲ. ಚೇಚಿ ಎಚ್ಚರಿಸಿದ್ದು, ನಾನು ನಕ್ಕದ್ದು, ಎಲ್ಲ ಹೇಳಿಬಿಟ್ಟೆ. ಬೈಯಲಿ ಎಂದು ಕಾದೆ. ಬೈದಿದ್ದರೆ ಹಗುರಾಗುತ್ತಿತ್ತು.

ಇವರು ಕಲಸಿದ ತುತ್ತನ್ನು ತಟ್ಟೆಯಲ್ಲೇ ಬಿಟ್ಟರು.

"ನಾನು ಬೇರೆ ಯಾವುದಾದರೂ ಕೆಲಸದಲ್ಲಿ ಇದ್ದಿದ್ರೆ, ನೀನು ಅವರ ಮಾತು ಕೇಳ್ತಿದ್ದೆ," ಎಂದರು.

ಅದು ನಿಜವೇ ಆಗಿತ್ತು. ಇನ್ನೊಂದು ಸೌಟು ಅನ್ನ ಬಡಿಸಿದೆ. ಬೇಡ ಅನ್ನಲಿಲ್ಲ. ತಲೆ ತಗ್ಗಿಸಿಕೊಂಡು ಅಷ್ಟನ್ನೂ ಉಂಡರು.